ಮನೆಯಲ್ಲೇ ಭೂಕಂಪಮಾಪಕ: ಲೋಲಕ ಕಟ್ಟೋದಾ, ಜಿಯೋಫೋನ್ ಕೊಳ್ಳೋದಾ?

ತಂತಿಮನೆ: ಅಡ್ಡ ಲೋಲಕದ ಭೂಕಂಪಮಾಪಕ ಮಾಡಬೇಕು ಅಂತಿದ್ದೇನೆ. ಕಂಬಕ್ಕೆ ಗೇಟಿನ ಹಾಗೆ ಕೂರಿಸಿದ ಸರಳು, ತುದಿಗೆ ಭಾರ, ಮ್ಯಾಗ್ನೆಟ್, ಕಾಯಿಲ್. ಗೆಳೆಯರೊಬ್ಬರು "ಸುಮ್ನೆ ರಾಸ್ಪ್‌ಬೆರಿ ಶೇಕ್ ತಗೊಳ್ಳಿ" ಅನ್ನುತ್ತಾರೆ, ಅಂದರೆ ಕೊಳ್ಳಲು ಸಿಗುವ ಸಿದ್ಧ ಭೂಕಂಪಮಾಪಕ. ನೀವೇನಂತೀರಿ?

ಚಿಪ್‌ಪ್ರಿಯ: ಅವರು ಹೇಳಿದ್ದೇ ಸರಿ. ನೆಲದ ಅಲುಗಾಟವನ್ನು ವಿದ್ಯುತ್ ಸಂಕೇತವಾಗಿಸುವ ಜಿಯೋಫೋನ್, ಅದನ್ನು ಅಂಕಿಗಳಾಗಿಸುವ ಡಿಜಿಟೈಜರ್ ಎಲ್ಲ ಒಂದೇ ಡಬ್ಬಿಯಲ್ಲಿ ಬರುತ್ತವೆ. ಲೋಲಕಕ್ಕೆ ಕೈಹಾಕಿದರೆ ಸ್ಕ್ರೂ ತಿರುಗಿಸುತ್ತಾ ಕೂರಬೇಕು.

ಓರೆಕೋರೆ: ಯಾವ ಕಂಪನ ಹಿಡಿಯಬೇಕು ಅಂತ ಮೊದಲು ಕೇಳಬೇಕಲ್ವಾ? ಹತ್ತಿರದ ಸಣ್ಣ ಕಂಪನ ಚುರುಕಾಗಿ ನಡುಗುತ್ತದೆ. 4.5 ಹರ್ಟ್ಜ್‌ನ (ಸೆಕೆಂಡಿಗೆ ನಾಲ್ಕೂವರೆ ಕಂಪನದ) ಜಿಯೋಫೋನ್ ಅದಕ್ಕೆ ಹೇಳಿ ಮಾಡಿಸಿದ್ದು. ಆದರೆ ಸಾವಿರಾರು ಕಿ.ಮೀ. ದೂರದ ದೊಡ್ಡ ಭೂಕಂಪದ ಮೇಲ್ಮೈ ಅಲೆ ಒಂದು ಸಲ ಏರಿಳಿಯಲು ಸುಮಾರು 20 ಸೆಕೆಂಡ್ ತಗೊಳ್ಳುತ್ತದೆ. ಅಲ್ಲಿ ಜಿಯೋಫೋನ್ ಹೆಚ್ಚುಕಮ್ಮಿ ಕಿವುಡು. ನೇರವಾಗಿ ತೂಗುವ ಲೋಲಕ ಅಷ್ಟು ನಿಧಾನ ಆಡಬೇಕಾದರೆ ದಾರವೇ ಸುಮಾರು 100 ಮೀಟರ್ ಬೇಕು! ಅಡ್ಡ ಸರಳಿನಲ್ಲಿ ಕೀಲುಗಳ ಓರೆಯನ್ನು ಕೂದಲೆಳೆಯಷ್ಟು ತಿದ್ದಿದರೆ ಮೇಜಿನ ಮೇಲೇ ಆ ನಿಧಾನ ಸಿಗುತ್ತದೆ.

ಚಿಪ್‌ಪ್ರಿಯ: ಸಿಗುತ್ತದೆ, ನಿಜ. ಕೋಣೆ ಬಿಸಿಯಾದರೆ ಮಾಪಕ ಬರೆಯುವ ಗೆರೆ ಒಂದು ಕಡೆ ಜಾರುತ್ತದೆ, ಗಾಳಿ ಸುಳಿದರೆ ಅಲೆ ಏಳುತ್ತದೆ. ಅದನ್ನೆಲ್ಲ ಯಾರು ನೋಡಿಕೊಳ್ಳೋದು?

ಓರೆಕೋರೆ: ಗಾಳಿಯಾಡದ ಪೆಟ್ಟಿಗೆ ಮುಚ್ಚಿ, ಒಳಗೆ ಥರ್ಮೋಕೋಲ್ ಹಾಕಿ. ಬಹಳ ಜನ ಮರೆಯೋದು ಡ್ಯಾಂಪಿಂಗ್, ಅಂದರೆ ತೂಗಾಟಕ್ಕೆ ತಡೆ. ಸರಳಿನ ತುದಿಗೆ ತಾಮ್ರದ ತಗಡು ಕೂರಿಸಿ, ಅದರ ಎರಡೂ ಬದಿಗೆ ಬಲವಾದ ಮ್ಯಾಗ್ನೆಟ್ ಇಡಿ. ಸರಳನ್ನು ಸ್ವಲ್ಪ ಎಳೆದು ಬಿಟ್ಟರೆ ನಡುವನ್ನು ಒಂದು ಸಲ ಚೂರು ದಾಟಿ ನಿಲ್ಲಬೇಕು. ಇಲ್ಲದಿದ್ದರೆ ಒಂದು ತಟ್ಟಿಗೆ ಸುಮಾರು ಹೊತ್ತು ತೂಗಾಡುತ್ತದೆ, ನಿಮಗೆ ಸಿಗೋದು ಭೂಕಂಪದ ಗೆರೆಯಲ್ಲ, ಲೋಲಕದ್ದು.

ಬೈಸ್ಟ್ಯಾಂಡರ್: ಫೋನಲ್ಲೇ ಸೆನ್ಸರ್ ಇದೆಯಲ್ಲ?

ಚಿಪ್‌ಪ್ರಿಯ: ಅದಕ್ಕೆ ಗೊತ್ತಾಗೋದು ಜೋರಾದ ಅಲುಗಾಟ ಮಾತ್ರ. ಆಂಡ್ರಾಯ್ಡ್‌ನ ಎಚ್ಚರಿಕೆ ವ್ಯವಸ್ಥೆ ನಡೆಯೋದು ಒಂದು ಫೋನಿನಿಂದಲ್ಲ, ರಾಶಿ ಫೋನುಗಳಿಂದ.

ಹಳೇಮೇಷ್ಟ್ರು: ಎರಡೂ ಆಟಿಕೆಯೇ. ಭೂಕಂಪ ಅಳೆಯುವ ದೊಡ್ಡ ಕೇಂದ್ರಗಳಿರುವಾಗ ಇವು ಯಾರಿಗೆ ಬೇಕು?

ಅಲೆಗೀತಾ: ಮೇಷ್ಟ್ರೇ, ಹೈಟಿಯವರನ್ನು ಕೇಳಿ. 2021ರ ಆಗಸ್ಟ್ 14ರಂದು ಅಲ್ಲಿ 7.2 ತೀವ್ರತೆಯ ಭೂಕಂಪ ಆಯಿತು. ಜನ ತಮ್ಮ ಮನೆಗಳಲ್ಲಿಟ್ಟಿದ್ದ ಶೇಕ್ ಡಬ್ಬಿಗಳ ದತ್ತಾಂಶವನ್ನೇ ವಿಜ್ಞಾನಿಗಳು ಬಳಸಿದರು. 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಬಂಧವೂ ಬಂತು. ಆದರೆ ಗಡಿಯಾರ ಸರಿಯಿರಬೇಕು. ಮೊದಲು ಬರುವ ಪಿ ಅಲೆ ನೆಲದಲ್ಲಿ ಸೆಕೆಂಡಿಗೆ ಸುಮಾರು 6 ಕಿ.ಮೀ. ಓಡುತ್ತದೆ. ನಿಮ್ಮ ಸಮಯ ಒಂದು ಸೆಕೆಂಡ್ ತಪ್ಪಿದರೂ ಕೇಂದ್ರಬಿಂದು ಅತ್ತಿತ್ತ ಸರಿಯುತ್ತದೆ.

ಹಳೇಮೇಷ್ಟ್ರು: ಅಂದರೆ ಉಪಯೋಗಕ್ಕೆ ಬಂದದ್ದು ಕೊಂಡ ಡಬ್ಬಿ. ಕೈಯಲ್ಲಿ ಕಟ್ಟಿದ ಲೋಲಕ ಅಲ್ಲ.

ಅಲೆಗೀತಾ: ಹೌದು, ಅದನ್ನು ಒಪ್ಪುತ್ತೇನೆ. ಆದರೂ ಒಂಟಿ ಲೋಲಕವೂ ಲೆಕ್ಕ ಹೇಳುತ್ತದೆ. ಹತ್ತಿರದ ಭೂಕಂಪವಾದರೆ ಪಿ ಅಲೆ ಮತ್ತು ಅದರ ಹಿಂದೆ ನಿಧಾನವಾಗಿ ಬರುವ ಎಸ್ ಅಲೆಗಳ ನಡುವಿನ ಸೆಕೆಂಡುಗಳನ್ನು ಎಂಟರಿಂದ ಗುಣಿಸಿ, ದೂರ ಹೆಚ್ಚುಕಮ್ಮಿ ಸಿಗುತ್ತದೆ. 25 ಸೆಕೆಂಡ್ ಅಂದರೆ 200 ಕಿ.ಮೀ. ದಿಕ್ಕು ಬೇಕಾದರೆ ಇನ್ನೆರಡು ಕಡೆಯ ಗೆರೆ ಬೇಕು.

ತಂತಿಮನೆ: ನನಗೆ ದೂರದ್ದೇ ನೋಡಬೇಕು. ಲೋಲಕವೇ ಇರಲಿ. ಕಬ್ಬಿಣದ ಸರಳು ಕೈಯಲ್ಲಿದೆ, ನಡೆಯುತ್ತದಾ?

ಓರೆಕೋರೆ: ಬೇಡ, ಮ್ಯಾಗ್ನೆಟ್ ಎಳೆಯುತ್ತದೆ. ಅಲ್ಯೂಮಿನಿಯಂ ಇಲ್ಲವೇ ಹಿತ್ತಾಳೆ ತಗೊಳ್ಳಿ.