ಮುಂಗಡ ಪಡೆದವರು ಊರಿಗೆ ಹೋಗುವಂತಿಲ್ಲವೇ? ಜೀತ ಮತ್ತು ಮಾನವ ಕಳ್ಳಸಾಗಣೆ ಕುರಿತು ನಮ್ಮ ಆನ್‌ಲೈನ್ ಗುಂಪಿನಲ್ಲಿ ವಕೀಲರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಶಾಲಾ ಶಿಕ್ಷಕಿ): ಮೇಡಂ, ನಮ್ಮ ಶಾಲೆಯ ಹತ್ತಿರದ ಇಟ್ಟಿಗೆ ಗೂಡಿನಲ್ಲಿ ಬೇರೆ ಜಿಲ್ಲೆಯಿಂದ ಬಂದ ಏಳೆಂಟು ಕುಟುಂಬಗಳಿವೆ. ಮಕ್ಕಳನ್ನು ಶಾಲೆಗೆ ಕಳುಹಿಸಿ ಎಂದು ಹೇಳಲು ಹೋಗಿದ್ದೆ. ಒಬ್ಬ ತಾಯಿ, "ನಮ್ಮವ್ವ ತೀರಿಕೊಂಡಾಗ ನನ್ನೊಬ್ಬಳನ್ನೇ ಬಿಟ್ಟರು, ಗಂಡ ಮಕ್ಕಳು ಇಲ್ಲೇ ಇರಬೇಕೆಂದರು" ಎಂದಳು. ಯಾರನ್ನೂ ಕೂಡಿಹಾಕಿಲ್ಲ, ಹೊಡೆದದ್ದನ್ನೂ ನಾನು ನೋಡಿಲ್ಲ. ವಾರಕ್ಕೊಮ್ಮೆ ಸಂತೆಗೂ ಹೋಗಿಬರುತ್ತಾರೆ. ಇದು ಜೀತವೇ? ಸುಳ್ಳು ದೂರು ಕೊಟ್ಟಂತಾದೀತೇ ಎಂಬ ಅಳುಕು ನನಗೆ.

ವಕೀಲರು: ಅಳುಕಬೇಡಿ. ಗಂಡ ಮಕ್ಕಳನ್ನು ಒತ್ತೆ ಇಟ್ಟು ಆಕೆ ತಾಯಿಯ ಮಣ್ಣಿಗೆ ಹೋಗಿಬಂದಿದ್ದಾಳೆ. ಸಂತೆಗೆ ಬಿಡುತ್ತಾರೆ, ನಿಜ. ಮಕ್ಕಳು ಗೂಡಿನಲ್ಲೇ ಇದ್ದಾಗ ತಾಯಿ ಎಲ್ಲಿಗೆ ಓಡುತ್ತಾಳೆ?

ಜೀತ ಎಂದೊಡನೆ ಸರಪಳಿ, ಚಾವಟಿ ಎಂದುಕೊಳ್ಳುತ್ತೇವೆ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಅವುಗಳನ್ನು ಕೇಳುವುದೇ ಇಲ್ಲ. ಮುಂಗಡ ಅಥವಾ ಸಾಲದ ಕಾರಣಕ್ಕೆ ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ದುಡಿಯಬೇಕಾಗಿ ಬಂದರೆ ಅದು ಜೀತ. ಬೇರೆ ಕಡೆ ಕೆಲಸಕ್ಕೆ ಹೋಗುವ, ಎಲ್ಲಿ ಬೇಕಾದರೂ ಓಡಾಡುವ, ತನ್ನ ದುಡಿಮೆಯ ಫಲವನ್ನು ಮಾರುಕಟ್ಟೆ ಬೆಲೆಗೆ ಮಾರುವ ಹಕ್ಕುಗಳಲ್ಲಿ ಒಂದು ಕೈತಪ್ಪಿದರೂ ಜೀತವೇ. ಎಲ್ಲವೂ ಒಟ್ಟಿಗೆ ಇರಬೇಕಾಗಿಲ್ಲ. ಇನ್ನು ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಕಾರ್ಮಿಕರ ಪ್ರಕರಣದಲ್ಲಿ 1982ರಲ್ಲೇ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿದೆ: ಹಸಿವು, ಬಡತನಗಳ ಒತ್ತಾಯವೂ ಒತ್ತಾಯವೇ, ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ.

ಅಂದಹಾಗೆ, ಹಳಗನ್ನಡದಲ್ಲಿ ಜೀತ ಎಂದರೆ ಸಂಬಳ. ಸಂಬಳವೆಂಬ ಮಾತೇ ಸಂಬಳವಿಲ್ಲದ ದುಡಿಮೆಗೆ ಹೆಸರಾಗಿ ನಿಂತಿತಲ್ಲ!

ಗೂಡಿನಲ್ಲಿ ನೀವು ಹುಡುಕಬೇಕಾದದ್ದು ಲೆಕ್ಕದ ಪುಸ್ತಕ. ನಾನು ನಡೆಸಿದ ಒಂದು ಪ್ರಕರಣದಲ್ಲಿ ಅದು ಇನ್ನೂರು ಪುಟದ ಶಾಲೆ ನೋಟ್‌ಬುಕ್. ಮೊದಲ ಸಾಲು: ಮುಂಗಡ 40,000. ಅದರ ಕೆಳಗೆ ಊರಿನಿಂದ ಕರೆತಂದ ವ್ಯಾನಿನ ಬಾಡಿಗೆ, ಮಗುವಿನ ಜ್ವರದ ಔಷಧಿ, ಪ್ರತಿ ಶನಿವಾರದ ಸಂತೆ ಖರ್ಚು. ಇಟ್ಟಿಗೆ ಎಣಿಕೆಯ ಕಾಲಂ ಮೊದಲ ಆರು ವಾರ ಭರ್ತಿಯಾಗಿತ್ತು, ಆಮೇಲೆ ಬರೀ ಖಾಲಿ. ಗಂಡ ಹೆಂಡತಿ ಏಳು ತಿಂಗಳು ಮಣ್ಣು ಕಲಸಿ, ಅಚ್ಚು ಹಾಕಿದ ಮೇಲೆ ಕೊನೆಯ ಸಾಲಿನಲ್ಲಿದ್ದ ಬಾಕಿ 46,500. ಹೆಂಡತಿಯ ಹೆಸರು ಪುಸ್ತಕದಲ್ಲಿ ಎಲ್ಲಿಯೂ ಇರಲಿಲ್ಲ. ಅವಳ ದುಡಿಮೆ ಗಂಡನ ಹೆಬ್ಬೆಟ್ಟಿನೊಳಗೇ ಸೇರಿಹೋಗಿತ್ತು.

ಪ್ರಶ್ನೆ (ಗೂಡಿನ ಮಾಲೀಕರು): ನಾನೂ ಗೂಡು ನಡೆಸುವವನೇ, ಮೇಡಂ. ಮುಂಗಡ ಕೊಡದಿದ್ದರೆ ಒಬ್ಬರೂ ಬರುವುದಿಲ್ಲ. ಮೂರು ಕಡೆ ಮುಂಗಡ ಪಡೆದು ರಾತ್ರೋರಾತ್ರಿ ಹೋದವರಿದ್ದಾರೆ. ನಾವೆಲ್ಲ ರಾಕ್ಷಸರಂತೆ ಬರೆಯುತ್ತೀರಿ. ನಮ್ಮ ಹಣಕ್ಕೆ ಯಾರು ಹೊಣೆ?

ವಕೀಲರು: ನ್ಯಾಯವಾದ ಪ್ರಶ್ನೆ. ಮುಂಗಡ ಕೊಡುವುದು ಅಪರಾಧವಲ್ಲ. ಸರಿಯಾದ ಕೂಲಿ ಕೊಟ್ಟು, ಬಿಟ್ಟುಹೋಗುತ್ತೇನೆ ಎಂದವರನ್ನು ಹೋಗಲು ಬಿಟ್ಟು, ಬಾಕಿಗಾಗಿ ಸಿವಿಲ್ ಕೋರ್ಟಿಗೆ ಹೋದರೆ ನಿಮ್ಮನ್ನು ಯಾರೂ ಮುಟ್ಟುವುದಿಲ್ಲ. ಆದರೆ ಆಧಾರ್ ಕಾರ್ಡ್ ಇಟ್ಟುಕೊಂಡರೆ, "ಬಾಕಿ ತೀರಿಸಿ ಹೋಗು" ಎಂದು ತಡೆದರೆ ಅಲ್ಲಿಗೆ ಅದು ವ್ಯಾಪಾರವಲ್ಲ. ಜೀತದ ಸಾಲ ಕಾನೂನಿನ ಕಣ್ಣಿಗೆ ಸತ್ತ ಸಾಲ. ಅದನ್ನು ವಸೂಲಿ ಮಾಡುವುದೇ ಅಪರಾಧ, ಮೂರು ವರ್ಷದವರೆಗೆ ಸೆರೆವಾಸ. ಇನ್ನೊಂದು, ನೀವು ಕೊಟ್ಟದ್ದು ಜೀತದ ಸಾಲವಲ್ಲ ಎಂದು ಸಾಬೀತು ಮಾಡುವ ಹೊರೆ ಜೀತ ರದ್ದತಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ನಿಮ್ಮ ಮೇಲೆಯೇ ಇದೆ. ಕೂಲಿ ಪಾವತಿಯ ದಾಖಲೆಯನ್ನು ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಇಡಿ.

ಆ ಕಾಯ್ದೆಯ ದಂಡ ಎರಡು ಸಾವಿರ ರೂಪಾಯಿ ಎಂದು ಓದಿ ಕೆಲವರು ನಗುತ್ತಾರೆ. ಅದು 1976ರ ಎರಡು ಸಾವಿರ. ಈಗ ಪೊಲೀಸರು ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್ ಕೂಡ ಹಾಕಬಹುದು. ಮೋಸದಿಂದಲೋ ಆಮಿಷದಿಂದಲೋ ಜನರನ್ನು ಶೋಷಣೆಗೆಂದು ಕರೆತಂದರೆ ಅದು ಮಾನವ ಕಳ್ಳಸಾಗಣೆ. ಕನಿಷ್ಠ ಏಳು ವರ್ಷ, ಒಬ್ಬರಿಗಿಂತ ಹೆಚ್ಚು ಜನರಿದ್ದರೆ ಹತ್ತು ವರ್ಷದಿಂದ ಜೀವಾವಧಿ. "ಅವರೇ ಒಪ್ಪಿ ಬಂದರು" ಎಂಬ ವಾದ ಅಲ್ಲಿ ನಿಲ್ಲುವುದಿಲ್ಲ.

ಪ್ರಶ್ನೆ (ಕಾಲೇಜು ವಿದ್ಯಾರ್ಥಿ): ಕಾಯ್ದೆ ಬಂದು ಐವತ್ತು ವರ್ಷವಾಯಿತು. ಮತ್ತೇಕೆ ನಿಂತಿಲ್ಲ?

ವಕೀಲರು: ಮುಂಗಡ ಕೊಟ್ಟು ಗೂಡಿಗೆ ಜನರನ್ನು ಕರೆತರುವ ಮೇಸ್ತ್ರಿ ಯಾವ ತಿಂಗಳು ಊರಿಗೆ ಬರುತ್ತಾನೆ ನೋಡಿ. ಕೈಯಲ್ಲಿ ಕೆಲಸವಿಲ್ಲದ, ಮನೆಯಲ್ಲಿ ಕಾಳು ಮುಗಿದ ಮಳೆಗಾಲದಲ್ಲಿ. ಭೂಮಿ ಇಲ್ಲದವರಿಗೆ ಬ್ಯಾಂಕು ಸಾಲ ಕೊಡುವುದಿಲ್ಲ. ಮಗಳ ಮದುವೆಗೋ ಆಸ್ಪತ್ರೆಗೋ ಒಂದೇ ಕಂತಿನಲ್ಲಿ ನಗದು ಸಿಗುವುದು ಮೇಸ್ತ್ರಿಯ ಕೈಯಿಂದ ಮಾತ್ರ. ಹೀಗೆ ಸಿಕ್ಕಿಕೊಳ್ಳುವವರಲ್ಲಿ ಹೆಚ್ಚಿನವರು ದಲಿತರು, ಆದಿವಾಸಿಗಳು. ಅದು ಆಕಸ್ಮಿಕವಲ್ಲ. ಅದಕ್ಕೆಂದೇ ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಲ್ಲೂ ಜೀತ ಅಪರಾಧಗಳ ಪಟ್ಟಿಯಲ್ಲಿದೆ. ನಮ್ಮಲ್ಲಿ ಮಾತ್ರವೂ ಅಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಜಗತ್ತಿನಲ್ಲಿ 2.76 ಕೋಟಿ ಜನ ಬಲವಂತದ ದುಡಿಮೆಯಲ್ಲಿದ್ದಾರೆ.

ಎರಡನೆಯ ಕಾರಣವನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ತನ್ನ ತಾಲ್ಲೂಕಿನಲ್ಲಿ ಜೀತವಿದೆ ಎಂದು ಬರೆದುಕೊಡಲು ಯಾವ ಅಧಿಕಾರಿಗೂ ಇಷ್ಟವಿಲ್ಲ. ದೂರು ಬಂದರೆ ಅದು "ಕೂಲಿ ತಕರಾರು" ಆಗಿಬಿಡುತ್ತದೆ. ಮಾಲೀಕರನ್ನು ಕರೆಸಿ, ಮುಂಗಡ ಮನ್ನಾ ಎಂದು ಬರೆಸಿ, ಅದೇ ಸಂಜೆ ಕುಟುಂಬವನ್ನು ಬಸ್ ಹತ್ತಿಸುತ್ತಾರೆ. ಎಲ್ಲರಿಗೂ ಸಮಾಧಾನ. ಆದರೆ ಜೀತದಿಂದ ಬಿಡಿಸಲಾಗಿದೆ ಎಂಬ ಸರ್ಕಾರಿ ಬಿಡುಗಡೆ ಪತ್ರವಿಲ್ಲದೆ ಊರು ಸೇರಿದವರಿಗೆ ಸರ್ಕಾರದ ಒಂದು ರೂಪಾಯಿಯೂ ಸಿಗುವುದಿಲ್ಲ. ಮುಂದಿನ ಮಳೆಗಾಲಕ್ಕೆ ಮೇಸ್ತ್ರಿ ಮತ್ತೆ ಬಾಗಿಲಿಗೆ ಬಂದಿರುತ್ತಾನೆ. ಮಾಲೀಕರ ಬಂಧನಕ್ಕಿಂತ ಆ ಪತ್ರಕ್ಕಾಗಿಯೇ ನಾನು ಹೆಚ್ಚು ಜಗಳವಾಡಿದ್ದೇನೆ.

ಪ್ರಶ್ನೆ (ಶಿಕ್ಷಕಿ): ಆ ಪತ್ರ ಕೊಡುವವರು ಯಾರು? ಅದರಿಂದ ಏನು ಸಿಗುತ್ತದೆ?

ವಕೀಲರು: ಕಾಯ್ದೆ ಜವಾಬ್ದಾರಿಯನ್ನು ಜಿಲ್ಲಾಧಿಕಾರಿಯ ಮೇಲೆ ಹೊರಿಸಿದೆ. ಸಾಮಾನ್ಯವಾಗಿ ಸ್ಥಳಕ್ಕೆ ಬಂದು ಹೇಳಿಕೆ ಪಡೆದು ಪತ್ರ ಕೊಡುವವರು ಉಪವಿಭಾಗಾಧಿಕಾರಿ. ಪತ್ರ ಬಂದರೆ ಸಾಲ ರದ್ದಾದದ್ದಕ್ಕೆ ಕೈಯಲ್ಲಿ ದಾಖಲೆ ಸಿಕ್ಕಂತೆ. ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ತಕ್ಷಣಕ್ಕೆ 30,000 ರೂಪಾಯಿವರೆಗೆ ಸಿಗಬೇಕು, ಅದಕ್ಕೆ ಶಿಕ್ಷೆಯಾಗುವವರೆಗೆ ಕಾಯಬೇಕಾಗಿಲ್ಲ. ಪೂರ್ತಿ ನೆರವು ವಯಸ್ಕ ಗಂಡಸಿಗೆ ಒಂದು ಲಕ್ಷ, ಮಹಿಳೆ ಮತ್ತು ಮಕ್ಕಳಿಗೆ ಎರಡು ಲಕ್ಷ, ಅತಿ ಘೋರ ಪ್ರಕರಣಗಳಲ್ಲಿ ಮೂರು ಲಕ್ಷ. ಆದರೆ ಅದು ವಿಚಾರಣೆಯ ಫಲಿತಾಂಶಕ್ಕೆ ತಗುಲಿಕೊಂಡಿರುವುದರಿಂದ ವರ್ಷಗಟ್ಟಲೆ ಎಳೆಯುತ್ತದೆ. ಇದು ಯೋಜನೆಯ ದೊಡ್ಡ ಲೋಪವೆಂದೇ ನನ್ನ ಅಭಿಪ್ರಾಯ.

ಪ್ರಶ್ನೆ (ಹೆಸರು ಬೇಡ ಎಂದವರು): ತಮ್ಮನಿಗೆ ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸವಂತೆ. ಟಿಕೆಟ್ ಅವರೇ ಕಳುಹಿಸುತ್ತಾರಂತೆ. ನಂಬಬಹುದೇ?

ವಕೀಲರು: ಯಾವ ವೀಸಾ ಎಂದು ಕೇಳಿ. ಪ್ರವಾಸಿ ವೀಸಾ ಎಂದರೆ ಅಲ್ಲಿಗೇ ನಿಲ್ಲಿಸಿ. ಏಜೆಂಟರ ಹೆಸರು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದ ನೋಂದಾಯಿತರ ಪಟ್ಟಿಯಲ್ಲಿದೆಯೇ ನೋಡಿ. ಇದೇ ರೀತಿ ಬ್ಯಾಂಕಾಕ್‌ಗೆಂದು ಹೊರಟ ಎಷ್ಟೋ ಹುಡುಗರು ಗಡಿ ದಾಟಿಸಲ್ಪಟ್ಟು ಮ್ಯಾನ್ಮಾರಿನ ಮ್ಯಾವಾಡಿಯ ಕಾವಲಿನ ಕಟ್ಟಡಗಳಲ್ಲಿ ಆನ್‌ಲೈನ್ ವಂಚನೆಗೆ ದುಡಿಯಬೇಕಾಯಿತು. ಪಾಸ್‌ಪೋರ್ಟ್ ಕಿತ್ತುಕೊಂಡು, ಟಿಕೆಟ್ಟಿನ ಹಣವನ್ನೇ ಸಾಲವೆಂದು ಬರೆದುಕೊಳ್ಳುತ್ತಾರೆ. ಅದೇ ಲೆಕ್ಕದ ಪುಸ್ತಕ, ಇಲ್ಲಿ ಕಂಪ್ಯೂಟರಿನಲ್ಲಿ.

ಪ್ರಶ್ನೆ (ಶಿಕ್ಷಕಿ): ನಾಳೆ ನಾನು ಮಾಡಬೇಕಾದದ್ದೇನು, ಮೇಡಂ? ಗೂಡಿಗೆ ಹೋಗಿ ಮಾಲೀಕರೊಡನೆ ಮಾತನಾಡಲೇ?

ವಕೀಲರು: ಖಂಡಿತ ಬೇಡ. ನೀವು ಮಾತನಾಡಿದ ರಾತ್ರಿಯೇ ಕುಟುಂಬಗಳನ್ನು ಬೇರೆ ಗೂಡಿಗೆ ಸಾಗಿಸಿಬಿಡುತ್ತಾರೆ. ಜಿಲ್ಲಾಧಿಕಾರಿಗೆ ಒಂದು ಪುಟದ ಅರ್ಜಿ ಬರೆದು, ಉಪವಿಭಾಗಾಧಿಕಾರಿಗೆ ಪ್ರತಿ ಕೊಟ್ಟು, ದಿನಾಂಕದ ಸಮೇತ ಸ್ವೀಕೃತಿ ಪಡೆಯಿರಿ. ನೋಡಿದ್ದನ್ನು, ಕೇಳಿದ್ದನ್ನು ಹಾಗೆಯೇ ಬರೆಯಿರಿ, ಜೀತವೆಂದು ಸಾಬೀತು ಮಾಡುವ ಹೊಣೆ ನಿಮ್ಮದಲ್ಲ. ಫರೀದಾಬಾದಿನ ಕಲ್ಲು ಕ್ವಾರಿಗಳ ಕಾರ್ಮಿಕರ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿ ಶುರುವಾದದ್ದೂ ಒಂದು ಪತ್ರದಿಂದಲೇ. ಮಕ್ಕಳು ದುಡಿಯುತ್ತಿದ್ದರೆ 1098ಕ್ಕೂ ಕರೆ ಮಾಡಿ. ಅಧಿಕಾರಿಗಳು ಬಂದ ದಿನ ಕುಟುಂಬದವರ ಹೇಳಿಕೆಯನ್ನು ಮಾಲೀಕರು, ಮೇಸ್ತ್ರಿ ಇಲ್ಲದ ಜಾಗದಲ್ಲಿ ಪಡೆಯಲು ಅರ್ಜಿಯಲ್ಲೇ ಕೇಳಿಕೊಳ್ಳಿ. ಲೆಕ್ಕದ ಪುಸ್ತಕವನ್ನು ಅಲ್ಲೇ ಮಹಜರು ಮಾಡಿ ವಶಕ್ಕೆ ಪಡೆಯುವಂತೆಯೂ ಬರೆಯಿರಿ, ಮರುದಿನ ಅದು ಸಿಗುವುದಿಲ್ಲ.

ಮೊದಲು ನಿಮ್ಮ ಪ್ರಶ್ನೆ ತಿದ್ದಿ, ಆ ತಾಯಿಯ ಮಾತನ್ನು ಅಳಿಸಿಬಿಡಿ. ಯಾರ ತಾಯಿ ಈಚೆಗೆ ತೀರಿಕೊಂಡರೆಂದು ಗೂಡಿನವರಿಗೆ ಗೊತ್ತು. ಈ ಗುಂಪನ್ನು ಓದುವವರು ನಾವಷ್ಟೇ ಅಲ್ಲ.