ಫ್ಲಶ್ ಟ್ಯಾಂಕ್‌ನಿಂದ ರಾತ್ರಿಯಿಡೀ ಸುಯ್ ಸದ್ದು: ಸೆಟ್ ಪೂರ್ತಿ ಬದಲಿಸಲೇಬೇಕಾ?

ಪ್ರಶ್ನೆ: ಪ್ಲಂಬರ್ ಅಣ್ಣನಿಗೆ ನಮಸ್ಕಾರ. ನಮ್ಮದು ಬೆಂಗಳೂರಿನಲ್ಲಿ ಬಾಡಿಗೆ ಮನೆ, ಬೋರ್ ನೀರು. ಕಮೋಡ್ ಹಿಂದೆ ಎರಡು ಬಟನ್ ಇರುವ ಟ್ಯಾಂಕ್ ಇದೆ. ಹದಿನೈದು ದಿನದಿಂದ ಕಮೋಡ್ ಒಳಗೆ ಸಣ್ಣಗೆ ನೀರು ಇಳಿಯುತ್ತಲೇ ಇದೆ. ಯಾರೂ ಫ್ಲಶ್ ಮಾಡದಿದ್ದರೂ ಆಗಾಗ ಟ್ಯಾಂಕ್ ತಾನೇ ಸುಯ್ ಎಂದು ತುಂಬಿ ನಿಲ್ಲುತ್ತದೆ. ರಾತ್ರಿ ಆ ಸದ್ದಿಗೆ ಅತ್ತೆಗೆ ನಿದ್ದೆ ಇಲ್ಲ. ಒಬ್ಬರು ಬಂದು ಮುಚ್ಚಳವನ್ನೂ ತೆಗೆಯದೆ 'ಟ್ಯಾಂಕ್ ಒಳಗಿನ ಸೆಟ್ ಪೂರ್ತಿ ಹೋಗಿದೆ' ಎಂದು ಹೇಳಿ ಹೋದರು. ನಾವೇ ರಿಪೇರಿ ಮಾಡಿಕೊಳ್ಳಬಹುದಾ?

ಉತ್ತರ: ಅಕ್ಕ, 'ಆಗಾಗ ತುಂಬಿ ನಿಲ್ಲುತ್ತದೆ' ಅಂದಿರಲ್ಲ, ಅದರಲ್ಲೇ ಅರ್ಧ ಉತ್ತರ ಇದೆ. ಟ್ಯಾಂಕ್ ಒಳಕ್ಕೆ ನೀರು ಬಿಡುವ ವಾಲ್ವ್ ಕೆಟ್ಟಿದ್ದರೆ ಸದ್ದು ನಿಲ್ಲುತ್ತಲೇ ಇರಲಿಲ್ಲ. ನಿಮ್ಮಲ್ಲಿ ಅದು ಸರಿಯಾಗಿ ಬಂದ್ ಆಗುತ್ತಿದೆ. ಸೋರುತ್ತಿರುವುದು ಕೆಳಗಡೆ, ಟ್ಯಾಂಕ್‌ನಿಂದ ಕಮೋಡ್‌ಗೆ ನೀರು ಇಳಿಸುವ ಫ್ಲಶ್ ವಾಲ್ವಿನ ವಾಷರ್ ಹತ್ತಿರ.

ನನ್ನ ಮಾತು ನಂಬಬೇಡಿ, ನೀವೇ ನೋಡಿ. ಟ್ಯಾಂಕ್ ತುಂಬಿದ ಮೇಲೆ ಗೋಡೆಯಲ್ಲಿರುವ ಆ್ಯಂಗಲ್ ಕಾಕ್ (ಟ್ಯಾಂಕ್‌ಗೆ ನೀರು ಬರುವ ಸಣ್ಣ ನಲ್ಲಿ) ಬಂದ್ ಮಾಡಿ. ಟ್ಯಾಂಕ್ ಒಳಗೆ ನೀರಿನ ಮಟ್ಟಕ್ಕೆ ಪೆನ್ಸಿಲ್‌ನಿಂದ ಗೆರೆ ಹಾಕಿ. ಅರ್ಧ ಗಂಟೆ ಯಾರೂ ಫ್ಲಶ್ ಮಾಡಬಾರದು. ನೀರು ಗೆರೆಗಿಂತ ಕೆಳಗಿಳಿದರೆ ವಾಷರ್ರೇ ಕಳ್ಳ. ಮುಚ್ಚಳ ಪಿಂಗಾಣಿಯದಾದರೆ ಹಳೇ ಟವೆಲ್ ಹಾಸಿ ಅದರ ಮೇಲೆ ಮಲಗಿಸಿ. ಗೋಡೆಗೆ ಒರಗಿಸಿ ಜಾರಿದರೆ ವಾಷರ್ ಖರ್ಚಲ್ಲ, ಟ್ಯಾಂಕ್ ಖರ್ಚು ಬರುತ್ತದೆ.

ಪ್ರಶ್ನೆ: ನೋಡಿದೆ ಅಣ್ಣ. ಅರ್ಧ ಗಂಟೆಯಲ್ಲಿ 3 ಸೆಂ.ಮೀ. ಇಳಿದಿದೆ! ಟ್ಯಾಂಕ್ ಒಳಗೆ ಸುಮಾರು 40 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲ.

ಉತ್ತರ: ಹಾಗಾದರೆ ಅರ್ಧ ಗಂಟೆಗೆ 1.8 ಲೀಟರ್. ದಿನಕ್ಕೆ 86 ಲೀಟರ್ ಚಿಲ್ಲರೆ. ನಾಲ್ಕು ದೊಡ್ಡ ಬಕೆಟ್ ನೀರು ಸುಮ್ನೆ ಚರಂಡಿಗೆ, ಅದನ್ನು ಮೇಲೆ ಹತ್ತಿಸಿದ ಮೋಟರ್ ಕರೆಂಟ್ ಬೇರೆ.

ಈಗ ಕೆಲಸ. ಕಾಕ್ ಬಂದ್ ಇರಲಿ, ಒಮ್ಮೆ ಫ್ಲಶ್ ಮಾಡಿ ಟ್ಯಾಂಕ್ ಖಾಲಿ ಮಾಡಿ. ನಡುವೆ ನಿಂತಿರುವ ಪ್ಲಾಸ್ಟಿಕ್ ಕಂಬದಂಥದ್ದೇ ಫ್ಲಶ್ ವಾಲ್ವ್. ಜಾಸ್ತಿ ಮಾಡೆಲ್‌ಗಳಲ್ಲಿ ಅದನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿದರೆ ಎತ್ತಲು ಬರುತ್ತದೆ. ಬರದಿದ್ದರೆ ಬಲವಂತ ಮಾಡಬೇಡಿ, ಫೋಟೋ ಕಳಿಸಿ. ಅದರ ತಳದಲ್ಲಿ ಬಳೆಯಂಥ ರಬ್ಬರ್ ವಾಷರ್ ಇರುತ್ತದೆ. ಬೋರ್ ನೀರಿಗೆ ಅದರ ಮೇಲೂ, ಅದು ಕೂರುವ ಅಂಚಿನ ಮೇಲೂ ಬಿಳಿ ಉಪ್ಪು ಕಟ್ಟಿರುತ್ತದೆ. ಕಡಲೆಕಾಳಿನಷ್ಟು ಉಪ್ಪು ಸಿಕ್ಕಿಕೊಂಡರೂ ವಾಷರ್ ಸರಿಯಾಗಿ ಕೂರುವುದಿಲ್ಲ. ವಾಷರ್ ಬಿಡಿಸಿ ವಿನೆಗರ್‌ನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಬೆರಳಲ್ಲೇ ಉಜ್ಜಿ. ಅಂಚನ್ನು ಬಟ್ಟೆಯಿಂದ ಒರೆಸಿ. ಚಾಕು, ಸ್ಟೀಲ್ ನಾರು ಬೇಡವೇ ಬೇಡ, ಗೀರು ಬಿದ್ದರೆ ಅಲ್ಲಿಂದಲೇ ಮತ್ತೆ ಸೋರುತ್ತದೆ.

ರಬ್ಬರ್ ಗಟ್ಟಿಯಾಗಿದ್ದರೆ, ಉಬ್ಬಿದ್ದರೆ ಹೊಸದು ಹಾಕಿ. ಹಳೆಯದನ್ನೇ ಹಾರ್ಡ್‌ವೇರ್ ಅಂಗಡಿಗೆ ತೆಗೆದುಕೊಂಡು ಹೋಗಿ, ಅದರ ಮೇಲೆ ಇಟ್ಟು ಅಳತೆ ನೋಡಿ ತನ್ನಿ. ಫೋನಿನಲ್ಲಿ ಹೇಳಿ ತರಿಸಿದ್ದು ಸರಿಯಾಗಿ ಕೂತಿದ್ದನ್ನು ನಾನಂತೂ ಕಂಡಿಲ್ಲ.

ಇನ್ನೊಬ್ಬರು: ನಾವು ಟ್ಯಾಂಕ್ ಒಳಗೆ ನೀಲಿ ಬಿಲ್ಲೆ ಹಾಕುತ್ತೇವೆ, ಉಪ್ಪು ಕಟ್ಟಲ್ಲ ಅಂತಾರೆ. ಆದರೆ ನಮ್ಮ ಟ್ಯಾಂಕ್ ಸದ್ದು ನಿಲ್ಲುವುದೇ ಇಲ್ಲ.

ಉತ್ತರ: ಸರ್, ಬಿಲ್ಲೆ ನಿಲ್ಲಿಸಿ. ಬ್ಲೀಚ್ ಇರುವ ಬಿಲ್ಲೆಯಾದರೆ ದಿನವಿಡೀ ಆ ನೀರಲ್ಲೇ ನೆಂದು ರಬ್ಬರ್ ಹಾಳಾಗುತ್ತದೆ. ಕಮೋಡ್ ತೊಳೆಯಲು ಕಮೋಡ್‌ಗೇ ಹಾಕಿ. ನಿಮ್ಮದು ಅಕ್ಕನ ಕೇಸಿಗೆ ಉಲ್ಟಾ. ನೀರು ಮೇಲೆ ಬಂದು ಓವರ್‌ಫ್ಲೋ ಕೊಳವೆಯೊಳಗೆ ಬೀಳುತ್ತಿರಬೇಕು, ಮುಚ್ಚಳ ತೆಗೆದರೆ ಕಣ್ಣಿಗೇ ಕಾಣುತ್ತದೆ. ಫ್ಲೋಟ್ (ನೀರಿನ ಜೊತೆ ಮೇಲೆ ತೇಲುವ ಭಾಗ) ಕೈಯಿಂದ ಮೇಲೆತ್ತಿ. ನೀರು ನಿಂತರೆ ಫ್ಲೋಟ್ ಸ್ಕ್ರೂ ತಿರುಗಿಸಿ, ಮಟ್ಟ ಕೊಳವೆಯ ಬಾಯಿಗಿಂತ ಒಂದಿಂಚು ಕೆಳಗೆ ನಿಲ್ಲುವಂತೆ ಮಾಡಿ. ಎತ್ತಿದರೂ ನಿಲ್ಲದಿದ್ದರೆ ಟ್ಯಾಂಕ್ ಒಳಕ್ಕೆ ನೀರು ಬಿಡುವ ವಾಲ್ವ್ ಬಿಚ್ಚಿ ಕಸ ತೆಗೆಯಬೇಕು, ಇಲ್ಲವೇ ಬದಲಿಸಬೇಕು.

ಪ್ರಶ್ನೆ: ಅಣ್ಣ, ವಾಷರ್ ಹೊಸದು ಹಾಕಿದೆ. ಮುಚ್ಚಳ ತೆಗೆದಿಟ್ಟಾಗ ಒಂದು ಹನಿ ಇಲ್ಲ. ಮುಚ್ಚಳ ಹಾಕಿದ ಕೂಡಲೇ ಮತ್ತೆ ಶುರು! ನಮ್ಮ ಮನೆಯವರು ಟ್ಯಾಂಕ್‌ಗೆ ದೃಷ್ಟಿ ತೆಗೆಯಿರಿ ಅಂತಿದ್ದಾರೆ.

ಉತ್ತರ: ದೃಷ್ಟಿ ಬೇಡ ಅಕ್ಕ, ಬಟನ್ ಕಡ್ಡಿ ತಿರುಗಿಸಿ. ಬಟನ್ ಅಡಿಯಲ್ಲಿ ಎರಡು ಪ್ಲಾಸ್ಟಿಕ್ ಕಡ್ಡಿ ಇರುತ್ತವೆ ನೋಡಿ. ಅವು ಉದ್ದ ಜಾಸ್ತಿಯಾಗಿ, ಮುಚ್ಚಳ ಕೂತಾಗ ವಾಲ್ವನ್ನು ಒತ್ತಿಕೊಂಡೇ ಇವೆ. ಕಡ್ಡಿಗಳನ್ನು ಎರಡು ಮೂರು ಸುತ್ತು ಒಳಕ್ಕೆ ತಿರುಗಿಸಿ ಗಿಡ್ಡ ಮಾಡಿ. ಬಟನ್ ಒತ್ತುವಾಗ ಮೊದಲು ಒಂಚೂರು ಸಡಿಲ ಇರಬೇಕು.

ಪ್ರಶ್ನೆ: ಆಯ್ತು ಅಣ್ಣ, ನಿಂತಿತು. ಈಗ ಅತ್ತೆ ಗಡಿಯಾರದ ಟಿಕ್ ಟಿಕ್ ಕೇಳಿಸುತ್ತಿದೆ ಅಂತಿದ್ದಾರೆ.