ಮದುವೆ ವಿಡಿಯೋ ಎಡಿಟಿಂಗ್, ಜೊತೆಗೆ ಬ್ಲೆಂಡರ್: ಯಾವ ಡೆಸ್ಕ್‌ಟಾಪ್ ಅಸೆಂಬಲ್ ಮಾಡಿಸಲಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರಿನವನು. ಮದುವೆ, ಗೃಹಪ್ರವೇಶ, ನಾಮಕರಣ ಶೂಟ್ ಮಾಡಿ ನಾನೇ ಎಡಿಟ್ ಮಾಡಿ ಕೊಡುತ್ತೇನೆ. ಆಷಾಢದಲ್ಲಿ ಮದುವೆ ಇರುವುದಿಲ್ಲ, ಆ ಸಮಯದಲ್ಲಿ ಬ್ಲೆಂಡರ್ (3ಡಿ ಅನಿಮೇಷನ್‌ನ ಉಚಿತ ಸಾಫ್ಟ್‌ವೇರ್) ಕಲಿತು ಮಕ್ಕಳ ಪದ್ಯಗಳಿಗೆ ಅನಿಮೇಷನ್ ಮಾಡಬೇಕು ಅಂತ ಎರಡು ವರ್ಷದಿಂದ ಆಸೆ. ಈ ವರ್ಷ ಬಿಡುವುದಿಲ್ಲ.

ಈಗಿರುವ ಪಿಸಿ 2018ರದ್ದು. ಐ5 8400, 16 ಜಿಬಿ ರ‍್ಯಾಮ್, ಜಿಟಿಎಕ್ಸ್ 1050 ಟಿಐ 4 ಜಿಬಿ ಕಾರ್ಡ್, ವಿಂಡೋಸ್‌ಗೆ ಚಿಕ್ಕ ಎಸ್‌ಎಸ್‌ಡಿ, ಉಳಿದದ್ದೆಲ್ಲ 1 ಟಿಬಿ ಹಾರ್ಡ್ ಡಿಸ್ಕ್. ಹಳೇ ಕ್ಯಾಮೆರಾ ಇದ್ದಾಗ ಹೇಗೋ ನಡೆಯುತ್ತಿತ್ತು. ಈಗ ಕ್ಯಾನನ್ ಆರ್6 ತಗೊಂಡೆ. ಅದರ 4ಕೆ ಕ್ಲಿಪ್ ನಾನು ಎಡಿಟ್ ಮಾಡುವ ಸಾಫ್ಟ್‌ವೇರ್ ಪ್ರೀಮಿಯರ್ ಟೈಮ್‌ಲೈನ್‌ಗೆ ಹಾಕಿದರೆ ಸಾಕು, ಅಕ್ಕಿಕಾಳು ಬೀಳುವ ಶಾಟ್ ಹುಡುಕಲು ಹೋದರೆ ಚಿತ್ರ ಅಲ್ಲೇ ನಿಂತಿರುತ್ತದೆ, ಭಜಂತ್ರಿ ಸದ್ದು ಮಾತ್ರ ಮುಂದೆ ಓಡುತ್ತಿರುತ್ತದೆ. ವಿಚಿತ್ರ ಅಂದರೆ ತಮ್ಮನ ಫೋನಿನಲ್ಲಿ ತೆಗೆದ 4ಕೆ ಅದೇ ಪಿಸಿಯಲ್ಲಿ ಸಲೀಸಾಗಿ ಓಡುತ್ತದೆ!

ಕೈಯಲ್ಲಿ 1 ಲಕ್ಷ 60 ಸಾವಿರ ಇದೆ. ಮಾನಿಟರ್ ಇದೆ. ಅಂಗಡಿಯಲ್ಲಿ ಕೇಳಿದಾಗ ಐ9 14900ಕೆಎಫ್, 32 ಜಿಬಿಯ ಒಂದೇ ರ‍್ಯಾಮ್ ಸ್ಟಿಕ್, ಆರ್‌ಟಿಎಕ್ಸ್ 4060 8 ಜಿಬಿ, 1 ಟಿಬಿ ಎಸ್‌ಎಸ್‌ಡಿ ಅಂತ ಕೊಟೇಶನ್ ಬರೆದುಕೊಟ್ಟರು. ಐ9 ಇದ್ದರೆ ಇನ್ನು ಹತ್ತು ವರ್ಷ ಚಿಂತೆಯಿಲ್ಲ ಅಂದರು. ಅಡ್ವಾನ್ಸ್ ಕೊಡುವ ಮುಂಚೆ ಇಲ್ಲಿ ಕೇಳೋಣ ಅನಿಸಿತು. ತಗೊಳ್ಳಲಾ?

ಉತ್ತರ 1

ಅಡ್ವಾನ್ಸ್ ಕೊಡಬೇಡಿ ಸರ್. ಮೊದಲು ಎರಡು ಚಿಕ್ಕ ಕೆಲಸ ಮಾಡಿ.

ಮೀಡಿಯಾಇನ್ಫೋ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ಕ್ಯಾಮೆರಾದ ಒಂದು ಕ್ಲಿಪ್, ಫೋನಿನ ಒಂದು ಕ್ಲಿಪ್ ಅದರಲ್ಲಿ ತೆರೆಯಿರಿ. ಫಾರ್ಮ್ಯಾಟ್, ಬಿಟ್ ಡೆಪ್ತ್, ಕ್ರೋಮಾ ಸಬ್‌ಸ್ಯಾಂಪ್ಲಿಂಗ್ ಅಂತ ಮೂರು ಸಾಲು ಇರುತ್ತವೆ, ಅವನ್ನು ಇಲ್ಲಿ ಬರೆಯಿರಿ. ಆಮೇಲೆ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್‌ನಲ್ಲಿ ಜಿಪಿಯು (ಗ್ರಾಫಿಕ್ಸ್ ಚಿಪ್) ಒತ್ತಿ. ಅಲ್ಲಿ 'ವಿಡಿಯೋ ಡಿಕೋಡ್' ಅಂತ ಒಂದು ಚಿಕ್ಕ ಗ್ರಾಫ್ ಇರುತ್ತದೆ. ಪ್ರೀಮಿಯರ್‌ನಲ್ಲಿ ಎರಡೂ ಕ್ಲಿಪ್ ಒಂದಾದ ಮೇಲೊಂದು ಓಡಿಸಿ ಆ ಗ್ರಾಫ್ ನೋಡಿ.

ಪ್ರಶ್ನೆ ಕೇಳಿದವರು

ಮಾಡಿದೆ ಸರ್. ಫೋನ್: ಎಚ್‌ಇವಿಸಿ, 8 ಬಿಟ್, 4:2:0. ಕ್ಯಾಮೆರಾ: ಎಚ್‌ಇವಿಸಿ, 10 ಬಿಟ್, 4:2:2. ನಾನು ಯಾವಾಗಲೂ ಸಿ-ಲಾಗ್ (ಆಮೇಲೆ ಬಣ್ಣ ತಿದ್ದಲು ಅನುಕೂಲವಾಗುವ ಕ್ಯಾಮೆರಾ ಮೋಡ್) ಹಾಕಿಯೇ ಶೂಟ್ ಮಾಡುತ್ತೇನೆ. ಫೋನಿನ ಕ್ಲಿಪ್ ಓಡಿಸಿದಾಗ ಆ ಗ್ರಾಫ್ ಮೇಲೇರಿತು. ಕ್ಯಾಮೆರಾ ಕ್ಲಿಪ್‌ಗೆ ಸೊನ್ನೆ, ಅಲ್ಲಾಡಲೇ ಇಲ್ಲ. ಸಿಪಿಯು ಮಾತ್ರ 100ಕ್ಕೆ ಹೋಗಿ ನಿಂತಿತು.

ಉತ್ತರ 1 (ಮತ್ತೆ)

ಸಿಕ್ಕಿತಲ್ಲ! ನಿಮ್ಮ ತೊಂದರೆ ಪೂರಾ ಆ ಸೊನ್ನೆಯಲ್ಲೇ ಇದೆ.

ಎಚ್‌ಇವಿಸಿಗೆ ಇನ್ನೊಂದು ಹೆಸರು ಎಚ್.265. ಈ ವಿಡಿಯೋದಲ್ಲಿ ಪ್ರತಿ ಫ್ರೇಮ್ ಪೂರ್ತಿ ಚಿತ್ರವಾಗಿ ಇರುವುದಿಲ್ಲ. ಒಂದು ಪೂರ್ತಿ ಚಿತ್ರ, ಆಮೇಲಿನ ಫ್ರೇಮ್‌ಗಳಲ್ಲಿ ಏನು ಬದಲಾಯಿತು ಅನ್ನುವುದು ಮಾತ್ರ. ನೀವು ನಡುವೆ ಎಲ್ಲೋ ಕ್ಲಿಕ್ ಮಾಡಿದರೆ ಕಂಪ್ಯೂಟರ್ ಹಿಂದಿನ ಪೂರ್ತಿ ಚಿತ್ರಕ್ಕೆ ಹೋಗಿ ಅಲ್ಲಿಂದ ಲೆಕ್ಕ ಹಾಕುತ್ತಾ ಬರಬೇಕು. ಈ ಕೆಲಸಕ್ಕೆ ಅಂತಲೇ ಚಿಪ್‌ನೊಳಗೆ ಒಂದು ಪ್ರತ್ಯೇಕ ಭಾಗ ಇರುತ್ತದೆ, ಅದೇ ಡಿಕೋಡರ್. ನಿಮ್ಮ ಪಿಸಿಯ ಡಿಕೋಡರ್‌ಗೆ 4:2:0 ಗೊತ್ತು, ಹಾಗಾಗಿ ಫೋನಿನ ಕ್ಲಿಪ್ ಸಲೀಸು. 4:2:2ರಲ್ಲಿ ಬಣ್ಣದ ಮಾಹಿತಿ ಅದರ ಎರಡರಷ್ಟು. ಅದು ಹಳೇ ಡಿಕೋಡರ್‌ಗೆ ಗೊತ್ತೇ ಇಲ್ಲ, ಭಾರ ಪೂರ್ತಿ ಸಿಪಿಯು ತಲೆ ಮೇಲೆ ಬೀಳುತ್ತದೆ.

ಈಗ ಅಂಗಡಿಯವರ ಕೊಟೇಶನ್ ನೋಡಿ. ಇಂಟೆಲ್‌ನ ಹೆಸರಿನ ಕೊನೆಯಲ್ಲಿ 'ಎಫ್' ಇದ್ದರೆ ಒಳಗಿನ ಗ್ರಾಫಿಕ್ಸ್ ಇಲ್ಲ ಅಂತ ಅರ್ಥ. ಗ್ರಾಫಿಕ್ಸ್ ಇಲ್ಲ ಅಂದರೆ ಕ್ವಿಕ್ ಸಿಂಕ್ ಇಲ್ಲ. ಇಂಟೆಲ್ ಚಿಪ್‌ನಲ್ಲಿ ಎಚ್.265 4:2:2 ಬಿಚ್ಚುವ ಡಿಕೋಡರ್ ಅದೇ ಕ್ವಿಕ್ ಸಿಂಕ್. ಇತ್ತ ಆರ್‌ಟಿಎಕ್ಸ್ 4060, ಅಷ್ಟೇಕೆ ಪೂರ್ತಿ 40 ಸರಣಿಯ ಡಿಕೋಡರ್‌ಗೇ 4:2:2 ಬರುವುದಿಲ್ಲ. ಎನ್‌ವಿಡಿಯಾ ಅದನ್ನು ಕೊಟ್ಟಿದ್ದು 2025ರ 50 ಸರಣಿಯಲ್ಲಿ. ಅಂದರೆ ಒಂದೂವರೆ ಲಕ್ಷ ಸುರಿದು ಮನೆಗೆ ತಂದರೂ ಆ ಗ್ರಾಫ್ ಸೊನ್ನೆಯಲ್ಲೇ ಇರುತ್ತಿತ್ತು. ಐ9 ತನ್ನ ಬಲದಿಂದ ಒಂದು ಕ್ಲಿಪ್ ಎಳೆಯಬಹುದು. ಮೂರು ಕ್ಯಾಮೆರಾದ ಕ್ಲಿಪ್ ಒಟ್ಟಿಗೆ ಓಡಿಸುವ ಮಲ್ಟಿಕ್ಯಾಮ್ ಹಾಕಿದರೆ ಮತ್ತೆ ತಡವರಿಸುತ್ತದೆ.

ಇನ್ನೊಂದು ಮಾತು. 13 ಮತ್ತು 14ನೇ ಜನರೇಷನ್‌ನ ಇಂಟೆಲ್ ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ ವೋಲ್ಟೇಜ್ ಜಾಸ್ತಿಯಾಗಿ ಸ್ಥಿರತೆ ಹಾಳಾಗುವ ಸಮಸ್ಯೆ ಇತ್ತು. ಕಂಪನಿಯೇ ಒಪ್ಪಿಕೊಂಡು 2024ರ ಆಗಸ್ಟ್‌ನಲ್ಲಿ ಅದನ್ನು ಸರಿಪಡಿಸುವ ಮೈಕ್ರೋಕೋಡ್ (ಚಿಪ್‌ನೊಳಗಿನ ಸಾಫ್ಟ್‌ವೇರ್) ಬಿಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಈಗಾಗಲೇ ಇರುವವರು ಬಯೋಸ್ ಅಪ್‌ಡೇಟ್ ಮಾಡಿಕೊಂಡು ಬಳಸಲಿ. ಹೊಸದಾಗಿ ತಗೊಳ್ಳುವವರು ಅಲ್ಲಿಗೆ ಹೋಗುವುದು ಬೇಡ.

ನನ್ನ ಸಲಹೆ: ಕೋರ್ ಅಲ್ಟ್ರಾ 7 265ಕೆ, ಬಜೆಟ್ ಬಿಗಿಯಾದರೆ ಅಲ್ಟ್ರಾ 5 245ಕೆ. 'ಕೆಎಫ್' ಬೇಡ, 'ಕೆ' ಅಂತ ಬಿಲ್‌ನಲ್ಲಿ ಬರೆಸಿ. ಕಾರ್ಡ್ ಆರ್‌ಟಿಎಕ್ಸ್ 5060 ಟಿಐ, 16 ಜಿಬಿಯದ್ದು. ಅದೇ ಹೆಸರಿನಲ್ಲಿ 8 ಜಿಬಿಯದೂ ಬರುತ್ತದೆ, ಡಬ್ಬದ ಮೇಲೆ ನೋಡಿಯೇ ತಗೊಳ್ಳಿ. ಆಗ ಇಂಟೆಲ್‌ನದೊಂದು, ಎನ್‌ವಿಡಿಯಾದ್ದೊಂದು, ಎರಡೂ ಡಿಕೋಡರ್ ನಿಮಗೆ ಸಿಗುತ್ತವೆ. ಪ್ರೀಮಿಯರ್ ಹಳೇ ವರ್ಷನ್ ಇದ್ದರೆ ಅಪ್‌ಡೇಟ್ ಮಾಡಬೇಕು, ಇಲ್ಲದಿದ್ದರೆ ಹೊಸ ಕಾರ್ಡಿನ ಡಿಕೋಡರ್ ಅದಕ್ಕೆ ತಿಳಿಯುವುದಿಲ್ಲ.

ಹೊಸ ಪಿಸಿ ಬರುವವರೆಗೆ ಕೈಕಟ್ಟಿ ಕೂರಬೇಡಿ. ರಾತ್ರಿ ಮಲಗುವ ಮುಂಚೆ ಪ್ರಾಕ್ಸಿ (ಎಡಿಟಿಂಗ್‌ಗೆ ಮಾತ್ರ ಬಳಸುವ ಹಗುರ ನಕಲು) ಮಾಡಲು ಹಚ್ಚಿ, ಪ್ರೊರೆಸ್ ಪ್ರಾಕ್ಸಿ ಆದರೆ ಪ್ರತಿ ಫ್ರೇಮ್ ಪೂರ್ತಿ ಚಿತ್ರವಾಗಿಯೇ ಇರುವುದರಿಂದ ನಿಮ್ಮ ಹಳೇ ಪಿಸಿಯಲ್ಲೂ ನೀರು ಕುಡಿದಷ್ಟು ಸುಲಭವಾಗಿ ಓಡುತ್ತದೆ.

ಉತ್ತರ 2

ಇಂಟೆಲ್ಲೇ ಆಗಬೇಕು ಅಂತ ಇಲ್ಲ. ಮೇಲಿನವರೇ ಹೇಳಿದಂತೆ 50 ಸರಣಿಯ ಕಾರ್ಡೇ 4:2:2 ಬಿಚ್ಚುತ್ತದೆ ಅಂದ ಮೇಲೆ ಪ್ರೊಸೆಸರ್ ಯಾವುದಾದರೂ ಆಗಬಹುದು, ಅಲ್ವಾ? ಎಎಂಡಿ ಕಂಪನಿಯ ರೈಜನ್ 7 9700ಎಕ್ಸ್ ನೋಡಿ. ಬೋರ್ಡ್‌ನಲ್ಲಿ ಅದು ಕೂರುವ ಎಎಂ5 ಸಾಕೆಟ್‌ಗೆ 2027 ಮತ್ತು ಆಚೆಗೂ ಬೆಂಬಲ ಇರುತ್ತದೆ ಅಂತ ಎಎಂಡಿ ಹೇಳಿದೆ. ನಾಳೆ ದುಡ್ಡು ಬಂದಾಗ ಬೋರ್ಡ್ ಬದಲಿಸದೆ ಪ್ರೊಸೆಸರ್ ಮಾತ್ರ ಬದಲಿಸಬಹುದು. ಮದುವೆ ಕೆಲಸ ಮಾಡುವವರಿಗೆ ದುಡ್ಡು ಸೀಸನ್ ಸೀಸನ್‌ಗೆ ಬರುತ್ತದೆ, ಹಂತ ಹಂತವಾಗಿ ಏರಿಸುವುದೇ ಒಳ್ಳೆಯದು.

ಆದರೆ ಮೂರು ನಾಲ್ಕು ಕ್ಯಾಮೆರಾ ದಿನವೂ ಮಲ್ಟಿಕ್ಯಾಮ್ ಮಾಡುವವರಾದರೆ ಎರಡು ಡಿಕೋಡರ್ ಇರುವುದು ನಿಜಕ್ಕೂ ಅನುಕೂಲ. ಆಗ 265ಕೆ ಅನ್ನುವುದನ್ನು ನಾನೂ ಒಪ್ಪುತ್ತೇನೆ.

ಉತ್ತರ 3

ನಾನು ಬೆಂಗಳೂರಿನಲ್ಲಿ ಮೋಷನ್ ಗ್ರಾಫಿಕ್ಸ್ ಕೆಲಸ ಮಾಡುತ್ತೇನೆ. ಎಲ್ಲರೂ ಡಿಕೋಡರ್ ಬಗ್ಗೆ ಹೇಳಿದರು, ಅನಿಮೇಷನ್ ಬಗ್ಗೆ ಯಾರೂ ಹೇಳಲಿಲ್ಲ ಅಂತ ಬರೆಯುತ್ತಿದ್ದೇನೆ. ಎರಡರ ಹಸಿವೂ ಬೇರೆ ಬೇರೆ.

ಮೊದಲು ರ‍್ಯಾಮ್. ಆಫ್ಟರ್ ಎಫೆಕ್ಟ್ಸ್ (ಮೋಷನ್ ಗ್ರಾಫಿಕ್ಸ್ ಮಾಡುವ ಸಾಫ್ಟ್‌ವೇರ್) ಪ್ರಿವ್ಯೂ ಮಾಡುವಾಗ ಫ್ರೇಮ್‌ಗಳನ್ನು ಬಿಚ್ಚಿದ ಸ್ಥಿತಿಯಲ್ಲೇ ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುತ್ತದೆ. ಲೆಕ್ಕ ಹಾಕಿ: 1920 ಗುಣಿಸು 1080, ಪ್ರತಿ ಪಿಕ್ಸೆಲ್‌ಗೆ 4 ಬೈಟ್. ಒಂದು ಫ್ರೇಮ್‌ಗೆ ಸುಮಾರು 8.3 ಎಂಬಿ. ಸೆಕೆಂಡಿಗೆ 25 ಫ್ರೇಮ್ ಅಂದರೆ 207 ಎಂಬಿ. ಒಂದು ನಿಮಿಷಕ್ಕೆ ಹನ್ನೆರಡೂವರೆ ಜಿಬಿ! ಇದು 8 ಬಿಟ್ ಪ್ರಾಜೆಕ್ಟ್ ಲೆಕ್ಕ, 16 ಬಿಟ್ ಮಾಡಿದರೆ ಅದರ ಎರಡರಷ್ಟು. 16 ಜಿಬಿ ಪಿಸಿಯಲ್ಲಿ ಹಳೇ ವರ್ಷನ್‌ಗಳಲ್ಲಿ ಪ್ರಿವ್ಯೂ ಸಿದ್ಧವಾದಷ್ಟು ತೋರಿಸುವ ಹಸಿರು ಪಟ್ಟಿ ಯಾಕೆ ಅರ್ಧಕ್ಕೇ ನಿಲ್ಲುತ್ತಿತ್ತು ಅಂತ ಈಗ ಗೊತ್ತಾಯಿತಲ್ಲ. 32 ಕನಿಷ್ಠ, 64 ಇದ್ದರೆ ನೆಮ್ಮದಿ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಸಿಕ್ಕಾಪಟ್ಟೆ ಏರಿದೆ, ಹಾಗಾಗಿ ನಿಮ್ಮ ಬಜೆಟ್‌ಗೆ 64 ಕೂರದೆ ಹೋಗಬಹುದು. ಆಗ 16ರ ಎರಡು ಸ್ಟಿಕ್ ಹಾಕಿಸಿ. ಒಂದೇ ಸ್ಟಿಕ್ ಹಾಕಿಸಿದರೆ ಒಂದೇ ಚಾನೆಲ್, ಸುಮ್ನೆ ವೇಗ ಕಳೆದುಕೊಳ್ಳುತ್ತೀರಿ. ಡಿಡಿಆರ್5ನಲ್ಲಿ ನಾಲ್ಕೂ ಸ್ಲಾಟ್ ತುಂಬಿಸಿದರೆ ಸ್ಪೀಡ್ ಇಳಿಯುತ್ತದೆ, ಮುಂದೆ ಏರಿಸುವಾಗ ಅದೂ ನೆನಪಿರಲಿ.

ಇನ್ನು ಬ್ಲೆಂಡರ್. ಅದರಲ್ಲಿ ಅಂತಿಮ ಚಿತ್ರ ತಯಾರಿಸುವ (ರೆಂಡರ್) ಎಂಜಿನ್ ಸೈಕಲ್ಸ್‌ನಲ್ಲಿ ಜಿಪಿಯು ರೆಂಡರ್ ಮಾಡುವಾಗ ದೃಶ್ಯದ ಸಾಮಾನೆಲ್ಲ ಕಾರ್ಡಿನ ಮೆಮೊರಿಯಲ್ಲಿ ಹಿಡಿಸಬೇಕು. ಹಿಡಿಸದಿದ್ದರೆ ತೀರಾ ನಿಧಾನ, ಇಲ್ಲ ರೆಂಡರೇ ನಿಂತುಹೋಗುತ್ತದೆ. 4096 ಪಿಕ್ಸೆಲ್‌ನ ಚೌಕಾಕಾರದ ಒಂದು ಟೆಕ್ಸ್ಚರ್ (ವಸ್ತುವಿನ ಮೇಲ್ಮೈಗೆ ಹೊದಿಸುವ ಚಿತ್ರ) ಬಿಚ್ಚಿದಾಗ 64 ಎಂಬಿ. ಒಂದು ಪಾತ್ರಕ್ಕೆ ಬಣ್ಣ, ಹೊಳಪು, ಉಬ್ಬು ಅಂತ ನಾಲ್ಕು ಟೆಕ್ಸ್ಚರ್ ಹಾಕಿದರೆ 256 ಎಂಬಿ. ಹತ್ತು ವಸ್ತು ಇಟ್ಟರೆ ಎರಡೂವರೆ ಜಿಬಿ ಅಲ್ಲೇ ಹೋಯಿತು, ಇನ್ನೂ ಮರ, ಹುಲ್ಲು, ಕೂದಲು ಬಂದಿಲ್ಲ. ಅದಕ್ಕೇ 8ಕ್ಕಿಂತ 16 ಜಿಬಿ ಕಾರ್ಡ್ ಅನ್ನುವುದು. ಎನ್‌ವಿಡಿಯಾ ಕಾರ್ಡ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಕುಡಾ ಬದಲು ಆಪ್ಟಿಕ್ಸ್ ಆರಿಸಿ, ರೇ ಟ್ರೇಸಿಂಗ್ ಕೋರ್‌ಗಳನ್ನು ಬಳಸುತ್ತದೆ, ಬೇಗ ಮುಗಿಯುತ್ತದೆ.

ಒಂದು ನಿಮಿಷದ ಪದ್ಯ ಅಂದರೆ 1500 ಫ್ರೇಮ್. ಫ್ರೇಮ್‌ಗೆ 40 ಸೆಕೆಂಡ್ ಹಿಡಿದರೂ ಹದಿನಾರು ಮುಕ್ಕಾಲು ಗಂಟೆ ಹತ್ತಿರ. ಹಾಗಾಗಿ ನೇರ ಎಂಪಿ4ಗೆ ರೆಂಡರ್ ಮಾಡಲೇಬೇಡಿ. ಪಿಎನ್‌ಜಿ ಚಿತ್ರಗಳ ಸಾಲಾಗಿ ರೆಂಡರ್ ಮಾಡಿ. ಕರೆಂಟ್ ಹೋಗಿ 900ನೇ ಫ್ರೇಮ್‌ನಲ್ಲಿ ನಿಂತರೆ ಮತ್ತೆ 900ರಿಂದಲೇ ಶುರು ಮಾಡಬಹುದು, ಎಂಪಿ4 ಆದರೆ ಅಷ್ಟೂ ಹೋಯಿತು.

ಕೊನೆಗೆ ಒಂದು ಕಿವಿಮಾತು, ತಪ್ಪು ತಿಳಿಯಬೇಡಿ. ಮಕ್ಕಳ ಪದ್ಯಕ್ಕೆ ಎಲ್ಲವನ್ನೂ ಸೈಕಲ್ಸ್‌ನಲ್ಲಿ ಮಾಡಬೇಕು ಅಂತ ಏನಿಲ್ಲ. ಬ್ಲೆಂಡರ್‌ನದೇ ಇನ್ನೊಂದು ಎಂಜಿನ್ ಈವೀ ಇದೆ, ತುಂಬಾ ವೇಗ. 2ಡಿ ಇಷ್ಟ ಇದ್ದರೆ ಬ್ಲೆಂಡರ್‌ನಲ್ಲೇ ಗ್ರೀಸ್ ಪೆನ್ಸಿಲ್ ಇದೆ, ಅದಕ್ಕೆ ದೊಡ್ಡ ಕಾರ್ಡಿಗಿಂತ ಒಂದು ಪೆನ್ ಟ್ಯಾಬ್ಲೆಟ್ ಜಾಸ್ತಿ ಉಪಯೋಗ. ಈಗಿರುವ ಪಿಸಿಯಲ್ಲೇ ಇವತ್ತೇ ಶುರು ಮಾಡಬಹುದು. ಆಷಾಢದವರೆಗೆ ಯಾಕೆ ಕಾಯುತ್ತೀರಿ?

ಉತ್ತರ 4

ಮ್ಯಾಕ್ ಮಿನಿ ಎಂ4 ಬಗ್ಗೆ ಯಾರೂ ಹೇಳಲಿಲ್ಲ. ಅದರ ಮೀಡಿಯಾ ಎಂಜಿನ್ 4:2:2 ಎಚ್.265 ಆರಾಮಾಗಿ ಓಡಿಸುತ್ತದೆ. ಅಂಗೈಗಿಂತ ಸ್ವಲ್ಪ ದೊಡ್ಡದು, ಕರೆಂಟ್ ಕಡಿಮೆ, ಸದ್ದಿಲ್ಲ. ಬರೀ ಎಡಿಟಿಂಗ್ ಆಗಿದ್ದರೆ ನಾನು ಕಣ್ಣುಮುಚ್ಚಿ ಅದನ್ನೇ ಹೇಳುತ್ತಿದ್ದೆ. ಆದರೆ ರ‍್ಯಾಮ್ ಆಮೇಲೆ ಏರಿಸಲು ಬರುವುದಿಲ್ಲ, ಸೈಕಲ್ಸ್ ರೆಂಡರ್‌ನಲ್ಲಿ ಆರ್‌ಟಿಎಕ್ಸ್ ಕಾರ್ಡ್‌ನಷ್ಟು ವೇಗವೂ ಇಲ್ಲ. ನಿಮ್ಮ ಆಸೆ ಬ್ಲೆಂಡರ್ ಇರುವುದರಿಂದ ಟವರ್ ಪಿಸಿಯೇ ಸರಿ.

ಉತ್ತರ 5

ನಾನು ಕಲಬುರಗಿಯವನು, ನಿಮ್ಮದೇ ಬಿಸಿಲು, ನಿಮ್ಮದೇ ಧೂಳು. ಹದಿನೈದು ವರ್ಷದಿಂದ ಇದೇ ಕೆಲಸ. ಬಾಕಿಯವರು ಹೇಳದೆ ಬಿಟ್ಟಿದ್ದನ್ನು ಹೇಳುತ್ತೇನೆ ತಮ್ಮಾ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುತ್ತದೆ, ಮದುವೆ ಸೀಸನ್ನೂ ಆಗಲೇ. ಮುಂದೆ ಗಾಜು ಹಾಕಿ ಮುಚ್ಚಿದ ಕ್ಯಾಬಿನೆಟ್ ಬೇಡ. ಮುಂಭಾಗ ಜಾಲರಿ ಇರುವುದು, ತೆಗೆದು ತೊಳೆಯುವ ಫಿಲ್ಟರ್ ಇರುವುದು ತಗೋ. 265ಕೆ ಜೊತೆ ಡಬ್ಬದಲ್ಲಿ ಕೂಲರ್ ಬರುವುದಿಲ್ಲ, ಎರಡು ಫ್ಯಾನಿನ ಒಳ್ಳೆ ಏರ್ ಕೂಲರ್ ಬೇರೆ ತಗೋಬೇಕು. ಪವರ್ ಸಪ್ಲೈ 650 ಅಥವಾ 750 ವ್ಯಾಟ್, 80 ಪ್ಲಸ್ ಗೋಲ್ಡ್ ದರ್ಜೆಯದು (ಕರೆಂಟ್ ಕಡಿಮೆ ಪೋಲು). ಇದರಲ್ಲಿ ಚೌಕಾಸಿ ಮಾಡಬೇಡ. ಹೆಸರಿಲ್ಲದ ಒಂದು ಪವರ್ ಸಪ್ಲೈ ನನ್ನ ಬೋರ್ಡನ್ನೂ ಜೊತೆಗೆ ಕರೆದುಕೊಂಡು ಹೋಯಿತು.

ಮನೆಯ ಅರ್ಥಿಂಗ್ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ನೋಡಿಸು. ಯುಪಿಎಸ್ ಪ್ಯೂರ್ ಸೈನ್ ವೇವ್ ಇರಲಿ, ಹೊಸ ಪವರ್ ಸಪ್ಲೈಗಳು ಚೌಕ ಅಲೆಯ ಅಗ್ಗದ ಯುಪಿಎಸ್ ಜೊತೆ ಒಮ್ಮೊಮ್ಮೆ ಹೊಂದಿಕೊಳ್ಳುವುದಿಲ್ಲ, ಕರೆಂಟ್ ಹೋದ ಕ್ಷಣವೇ ಪಿಸಿ ಆಫ್ ಆಗಿಬಿಡುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಹಿಂದಿನ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿ ಇದೆಯಾ ನೋಡು.

ಈಗ ಮುಖ್ಯ ಮಾತು. 170 ಎಂಬಿಪಿಎಸ್ ಬಿಟ್‌ರೇಟ್ ಹಿಡಿದರೆ ಗಂಟೆಗೆ 76 ಜಿಬಿ. ಎರಡು ಕ್ಯಾಮೆರಾ, ನಾಲ್ಕು ಗಂಟೆ ಅಂದರೆ ಒಂದೇ ಮದುವೆಗೆ 600 ಜಿಬಿ ದಾಟುತ್ತದೆ. 1 ಟಿಬಿ ಒಂದೇ ಎಸ್‌ಎಸ್‌ಡಿ ಎಲ್ಲಿ ಸಾಲುತ್ತದೆ? ವಿಂಡೋಸ್‌ಗೆ ಒಂದು, ನಡೆಯುತ್ತಿರುವ ಕೆಲಸಕ್ಕೆ 2 ಟಿಬಿ ಎನ್‌ವಿಎಂಇ (ವೇಗದ ಎಸ್‌ಎಸ್‌ಡಿ) ಇನ್ನೊಂದು, ಮುಗಿದ ಕೆಲಸಕ್ಕೆ ದೊಡ್ಡ ಹಾರ್ಡ್ ಡಿಸ್ಕ್. ಆ ಹಾರ್ಡ್ ಡಿಸ್ಕ್ ಎರಡು ಇರಬೇಕು, ಒಂದರ ನಕಲು ಇನ್ನೊಂದರಲ್ಲಿ. ಎರಡೂ ಕಡೆ ಕಾಪಿ ಆಗುವವರೆಗೆ ಕ್ಯಾಮೆರಾದ ಮೆಮೊರಿ ಕಾರ್ಡ್ ಫಾರ್ಮ್ಯಾಟ್ ಮಾಡಬೇಡ.

ನನ್ನ ಡಿಸ್ಕ್ ಒಮ್ಮೆ ಟಕ್ ಟಕ್ ಅಂತ ಸದ್ದು ಮಾಡಿ ನಿಂತುಹೋಯಿತು. ಒಂದೇ ಕಾಪಿ ಇತ್ತು. ಅದರಲ್ಲಿ ಮದುಮಗಳ ಅಜ್ಜಿ ಸೋಬಾನೆ ಪದ ಹಾಡಿದ ಕ್ಲಿಪ್ ಇತ್ತು, ಎಷ್ಟು ಖರ್ಚು ಮಾಡಿದರೂ ವಾಪಸ್ ಬರಲಿಲ್ಲ. ಆ ಅಜ್ಜಿ ಈಗಿಲ್ಲ. ಆ ಮನೆಯವರು ಒಂದು ಮಾತೂ ಬೈಯಲಿಲ್ಲ, ಆದರೆ ನನಗೆ ಇವತ್ತಿಗೂ ಅವರ ಓಣಿಯಲ್ಲಿ ಹೋಗುವಾಗ ಸಂಕಟವಾಗುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೈಮುಗಿದೆ. ಅಣ್ಣ, ನಿಮ್ಮ ಮಾತು ಓದಿ ಮೊದಲು ಮಾಡಿದ ಕೆಲಸ ಅಂದರೆ ಕಳೆದ ತಿಂಗಳ ಎರಡು ಮದುವೆಯ ಫುಟೇಜ್ ಇನ್ನೊಂದು ಡಿಸ್ಕ್‌ಗೆ ಕಾಪಿ ಹಚ್ಚಿದ್ದು.

ನಿನ್ನೆ ರಾತ್ರಿ ಪ್ರಾಕ್ಸಿ ಮಾಡಿ ಮಲಗಿದೆ, ಬೆಳಿಗ್ಗೆ ಅದೇ ಹಳೇ ಪಿಸಿಯಲ್ಲಿ ಅಕ್ಕಿಕಾಳು ಶಾಟ್ ತಡೆಯಿಲ್ಲದೆ ಓಡಿತು, ಒಂದೊಂದು ಕಾಳೂ ಕಾಣುವ ಹಾಗೆ. ಹಾಗಾಗಿ ಆತುರ ಇಲ್ಲ. ಮುಂದಿನ ವಾರ ಬೆಂಗಳೂರಿಗೆ ಹೋಗುವುದಿದೆ, ಎಸ್‌ಪಿ ರೋಡ್‌ನಲ್ಲಿ ನಾಲ್ಕು ಅಂಗಡಿ ಕೇಳಿ ತಗೊಳ್ಳುತ್ತೇನೆ. 245ಕೆ, 5060 ಟಿಐ 16 ಜಿಬಿ, 16ರ ಎರಡು ಸ್ಟಿಕ್ ಅಂತ ಬರೆದುಕೊಂಡಿದ್ದೇನೆ. 265ಕೆ ಬಿಟ್ಟ ದುಡ್ಡಿನಲ್ಲಿ ಯುಪಿಎಸ್ ಮತ್ತು ಎರಡನೇ ಹಾರ್ಡ್ ಡಿಸ್ಕ್. ಸರಿ ತಾನೇ?

ಉತ್ತರ 1 (ಮತ್ತೆ)

ಸರಿಯಾಗಿದೆ. ಜಿಎಸ್‌ಟಿ ಬಿಲ್‌ನಲ್ಲಿ ಪ್ರತಿ ಪಾರ್ಟ್‌ನ ಪೂರ್ತಿ ಮಾಡೆಲ್ ನಂಬರ್ ಮತ್ತು ಸೀರಿಯಲ್ ನಂಬರ್ ಬರೆಸಿಕೊಳ್ಳಿ, ವಾರಂಟಿಗೆ ಬೇಕಾಗುತ್ತದೆ. ಒಂದು ಕ್ಯಾಮೆರಾ ಕ್ಲಿಪ್ ಪೆನ್ ಡ್ರೈವ್‌ನಲ್ಲಿ ಜೊತೆಗೆ ಒಯ್ಯಿರಿ, ಅಂಗಡಿಯಲ್ಲೇ ಓಡಿಸಿ ನೋಡಬಹುದು. ಮನೆಗೆ ಬಂದು ಪ್ರೀಮಿಯರ್ ಹಾಕಿದ ಮೇಲೆ ಪ್ರಿಫರೆನ್ಸಸ್‌ನ ಮೀಡಿಯಾದಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್‌ನ ಟಿಕ್ ಬಿದ್ದಿದೆಯಾ ನೋಡಿ. ಬಯೋಸ್‌ನಲ್ಲಿ ಒಳಗಿನ ಗ್ರಾಫಿಕ್ಸ್ ಆನ್ ಇರಬೇಕು, ಬೇರೆ ಕಾರ್ಡ್ ಹಾಕಿದಾಗ ಕೆಲವು ಬೋರ್ಡ್‌ಗಳಲ್ಲಿ ಅದು ತಾನಾಗಿ ಆಫ್ ಆಗಿರುತ್ತದೆ. ಆಮೇಲೆ ಅದೇ ಟಾಸ್ಕ್ ಮ್ಯಾನೇಜರ್ ತೆರೆದು ಅದೇ ಕ್ಲಿಪ್ ಓಡಿಸಿ, ಗ್ರಾಫ್ ಎಷ್ಟಕ್ಕೆ ಏರಿತು ಅಂತ ಇಲ್ಲಿ ಬರೆಯಿರಿ.